ಕೊಕ್ಕರೆ ಮೇಷ್ಟ್ರು

"ಬಾಯಿ ತೆಗೀರಿ ಮೇಷ್ಟ್ರೇ," ಎಂದ ಫಿರ್ಮಾಂ.

ಒಡಿಲಾನ್ ಬಾಯಿ ತೆರೆದ. ಅರವತ್ತೆಂಟು ವರ್ಷದ ಮನುಷ್ಯ ಹೀಗೆ ಬಾಯಿ ತೆರೆದು ಕೂರುವುದು ಹಲ್ಲಿನ ವೈದ್ಯನ ಮುಂದೆ, ಇಲ್ಲವೇ ನಾಲಗೆಗೆ ಪ್ರಸಾದ ಕೊಡುವ ಪಾದ್ರಿಯ ಮುಂದೆ. ಇಲ್ಲಿ ಇಬ್ಬರೂ ಇರಲಿಲ್ಲ. ಇದು ದಿನಾಂ ಊರಿನ ಫಿರ್ಮಾಂನ ಬೇಕರಿಯ ಹಿಂದಿನ ಕೋಣೆ. ಸೋಮವಾರ ಮಧ್ಯಾಹ್ನ, ಅಂಗಡಿಗೆ ರಜ. ಫಿರ್ಮಾಂ ಒಂದು ತುಂಡು ಕೂಕನ್ನು ಮೇಜಿನ ಅಂಚಿಗೆ ಎರಡು ಸಲ ಕುಟ್ಟಿದ. ಸದ್ದು ಎಲ್ಲರಿಗೂ ಕೇಳಿಸಿತೆಂದು ಖಾತ್ರಿಯಾದ ಮೇಲೆ ಅದನ್ನು ತನ್ನ ಹಳೆಯ ಮೇಷ್ಟ್ರ ನಾಲಗೆಯ ಮೇಲೆ ಇಟ್ಟ.

ಜೇನು ಮತ್ತು ಗೋಧಿ ಹಿಟ್ಟು, ಬೇರೇನೂ ಇಲ್ಲ. ಒಂದು ಹನಿ ನೀರೂ ಸೇರದ ಕಾರಣ ಕೂಕ್ ಹಲಗೆಯ ಹಾಗಿರುತ್ತದೆ. ಹೊರಗಿನವರು ಕಚ್ಚಿ ಹಲ್ಲು ಕಳೆದುಕೊಳ್ಳುತ್ತಾರೆ. ಊರಿನವರು ಚೀಪುತ್ತಾರೆ. ಊರಿನ ನಾಟಕ ಮಂಡಳಿಯವರು ಮಾತ್ರ ಅದಕ್ಕೆ ಮೂರನೆಯ ಉಪಯೋಗವೊಂದನ್ನು ಕಂಡುಹಿಡಿದಿದ್ದರು. ಹೊಸ ನಾಟಕದ ಮೊದಲ ಓದು ನಡೆಯುವಾಗ ಬರೆದವನ ಬಾಯಲ್ಲಿ ಒಂದು ತುಂಡು ಇರಬೇಕು. ಅದು ಕರಗುವವರೆಗೆ ಅವನು ಮಾತನಾಡುವಂತಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಈ ನಿಯಮ ಹುಟ್ಟಿದ್ದು ಒಡಿಲಾನನಿಂದಲೇ. ಅವತ್ತು ಅವನು ತನ್ನ ನಾಟಕದ ಪ್ರತಿ ವಾಕ್ಯಕ್ಕೂ ಓದುವವರನ್ನು ತಡೆದು, "ಅಲ್ಲಿ ಅಲ್ಪವಿರಾಮ ಇದೆ" ಎಂದಿದ್ದ. ಮೊದಲ ಅಂಕ ಮುಗಿಯುವ ಹೊತ್ತಿಗೆ ಮೂರು ಜನ ಮನೆಗೆ ಹೋಗಿದ್ದರು. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಅವನ ಹೆಂಡತಿ ಕ್ಲೆಮಾಂಸ್, "ಅವರ ಬಾಯಿಗೆ ಒಂದು ಕೂಕ್ ಹಾಕಿ, ಕಲೆ ಬದುಕತ್ತೆ" ಎಂದಿದ್ದಳು. ಹಾಕಿದರು. ಕಲೆ ಬದುಕಿತು. ಆ ನಾಟಕವನ್ನು ಮಾತ್ರ ಆಡಲಿಲ್ಲ.

ಈಗ ಕ್ಲೆಮಾಂಸ್ ಇರಲಿಲ್ಲ. ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು.

"ನಿನ್ನೆ ಚರ್ಚಿನ ಪೂಜೇಲಿ ಅವಳ ಹೆಸರು ಓದಿದ್ರು," ಎಂದಳು ಸಿಡೊನಿ, ಕನ್ನಡಕ ಒರೆಸುತ್ತ. ಸಿಡೊನಿ ಮಂಡಳಿಯ ಅತ್ಯಂತ ಹಿರಿಯಳು. ಪ್ರದರ್ಶನದ ದಿನ ಪಕ್ಕದಲ್ಲಿ ನಿಂತು ಮರೆತ ಮಾತು ಹೇಳಿಕೊಡುವವಳು. "ನೀವು ಕಾಣ್ಸಲಿಲ್ಲ."

ಒಡಿಲಾನ್ ಕೂಕನ್ನು ಕೆನ್ನೆಗೆ ತಳ್ಳಿದ. "ಮಳೆ ಇತ್ತು."

"ನನಗೂ ಇತ್ತು."

"ಮಾತಾಡೋ ಹಾಗಿಲ್ಲ!" ಎಂದು ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವನಿಗೆ ಸಮಾಧಾನವಾಯಿತು. ನಿಯಮಗಳಿಗೂ ಒಂದು ಉಪಕಾರ ಗುಣವಿರುತ್ತದೆ.

ಅವನು ಇಪ್ಪತ್ತೊಂದು ನಾಟಕ ಬರೆದಿದ್ದ. ಆಡಿದ್ದು ಮೂರು. ಒಂದನ್ನು ಲಿಯೆಜ್ ನಗರದಲ್ಲಿ ಆರು ದಿನ ಆಡಿದರು. ಆರನೆಯ ದಿನ ನಟರಿಗಿಂತ ಪ್ರೇಕ್ಷಕರು ಒಬ್ಬರು ಹೆಚ್ಚಿದ್ದರು, ಆ ಒಬ್ಬಳು ಕ್ಲೆಮಾಂಸ್. ಇನ್ನೊಂದನ್ನು ಪ್ಯಾರಿಸ್ಸಿನ ಒಂದು ನೆಲಮಾಳಿಗೆಯಲ್ಲಿ ಆಡಿದರು. ವಿಮರ್ಶಕನೊಬ್ಬ ಅದನ್ನು "ನಮ್ಮ ಉತ್ತರದ ಮಂಜು" ಎಂದು ಬರೆದ. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಒಡಿಲಾನ್ ಹದಿನೈದು ವರ್ಷ ಯೋಚಿಸಿದ. ಮೂರನೆಯದರ ವಿಷಯ ಅವನು ಹೇಳುವುದಿಲ್ಲ.

ಕೊಕ್ಕರೆಯ ಕತೆ ಬರೆದದ್ದು ಒಂದು ಭಾನುವಾರ, ಶಾಲೆಯ ಪತ್ರಿಕೆಯಲ್ಲಿ ಎರಡು ಪುಟ ಖಾಲಿ ಉಳಿದಿದ್ದವೆಂದು. ಕಾಲು ಒದ್ದೆಯಾಗುವುದಕ್ಕೆ ಹೆದರುವ ಕೊಕ್ಕರೆ, ಹೆಸರು ಒನೊರೆ. ದಿನಕ್ಕೊಂದು ಜೊತೆ ಬೂಟು ತೊಟ್ಟು ಮೀನು ಹಿಡಿಯಲು ಹೊರಡುತ್ತದೆ. ಅಷ್ಟೇ ಕತೆ. ಅದು ಹದಿನಾಲ್ಕು ಪುಸ್ತಕವಾಯಿತು, ಹನ್ನೊಂದು ಭಾಷೆಗೆ ಹೋಯಿತು. ಮಕ್ಕಳು ಅವನಿಗೆ ಅಂಚೆಯಲ್ಲಿ ಕಾಲುಚೀಲ ಕಳಿಸುತ್ತಿದ್ದರು. ಕೊಕ್ಕರೆ ಒಂಟಿಕಾಲಲ್ಲಿ ನಿಲ್ಲುವುದರಿಂದ ಒಂಟಿ ಕಾಲುಚೀಲ. ಅಟ್ಟದಲ್ಲಿ ಎರಡು ಪೆಟ್ಟಿಗೆ ತುಂಬ ಇದ್ದವು, ಜೋಡಿ ಒಂದೂ ಇರಲಿಲ್ಲ. ನದಿಯ ಕಡೆಗಿಳಿಯುವ ಒಂದು ಓಣಿಗೆ ಊರಿನವರು ಒನೊರೆಯ ಹೆಸರಿಟ್ಟರು. ಒಡಿಲಾನನ ಹೆಸರಿಡಬೇಕಾದರೆ ಅವನು ಸತ್ತಿರಬೇಕಿತ್ತು. ಕೊಕ್ಕರೆಗೆ ಆ ನಿಯಮ ಇರಲಿಲ್ಲ.

ಶಾಲೆಗಳಿಗೆ ಹೋದಾಗ ಮಕ್ಕಳು ಅವನ ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದರು.

ಇದೆಲ್ಲದಕ್ಕೂ ಅವನು ಒಗ್ಗಿಕೊಂಡಿದ್ದ. ಒಗ್ಗದೆ ಉಳಿದದ್ದು ಒಂದೇ, ಹೆಂಡತಿಯ ಕೊನೆಯ ಚಳಿಗಾಲ. ಡಿಸೆಂಬರಿನಿಂದ ಕ್ಲೆಮಾಂಸಳಿಗೆ ಮೆಟ್ಟಿಲು ಹತ್ತಲಾಗದೆ ಅವಳ ಹಾಸಿಗೆಯನ್ನು ಅಡಿಗೆಮನೆಗೆ, ಒಲೆಯ ಪಕ್ಕಕ್ಕೆ ತಂದಿದ್ದರು. ಅವಳು ಮಲಗಿ ಮಾತನಾಡುತ್ತಿದ್ದಳು. ಅವನು ಕುರ್ಚಿಯಲ್ಲಿ ಕೂತು ಅವಳು ಹೇಳಿದ್ದನ್ನು ಶಾಲೆಯ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಏನ್ ಬರ್ಕೋತಿದೀಯ?" ಎಂದು ಜನವರಿಯಲ್ಲಿ ಒಮ್ಮೆ ಕೇಳಿದ್ದಳು.

"ಏನಿಲ್ಲ."

"ನಾಟಕಾನಾ?"

"ಇರಬಹುದು."

"ಹಾಗಾದ್ರೆ ಈ ಸಲ ಜನ ಬರೋ ಹಾಗೆ ಆಡ್ಸು. ಮಾತು ಕೊಡು."

ಕೊಟ್ಟ. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಅವನು ಎಷ್ಟೋ ಮಾತು ತಪ್ಪಿದ್ದ. ಅವಳು ಕ್ಷಮಿಸುತ್ತ ಬಂದಿದ್ದಳು. ಈ ಮಾತು ತಪ್ಪಿದರೆ ಕ್ಷಮಿಸುವವರು ಯಾರೂ ಉಳಿದಿರಲಿಲ್ಲ. ಬ್ರಸೆಲ್ಸಿನ ಎರಡು ರಂಗಮಂದಿರಗಳು ಆ ನೋಟುಪುಸ್ತಕದಿಂದ ಮಾಡಿದ ನಾಟಕದ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದ್ದವು. ಒಂದರವರು "ಆಳವಾದ ಕೃತಿ" ಎಂದು ಬರೆದು, ಕೊಕ್ಕರೆಯದೇನಾದರೂ ಹೊಸದು ಇದೆಯೇ ಎಂದು ಕೇಳಿದ್ದರು. ಉಳಿದದ್ದು ಈ ಬೇಕರಿ. ಇಲ್ಲಿ ಓದಿ, ಕೈ ಎತ್ತಿ, ಒಪ್ಪಿದರೆ ಚಳಿಗಾಲದಲ್ಲಿ ಆಡುತ್ತಾರೆ. ಒಪ್ಪದಿದ್ದರೆ ಇನ್ನು ಬಾಗಿಲಿಲ್ಲ.

"ಒಂದು ತೊಂದರೆ ಇದೆ ಮೇಷ್ಟ್ರೇ," ಎಂದ ಫಿರ್ಮಾಂ, ಹಾಳೆಗಳನ್ನು ಹಂಚುತ್ತ. "ನಾವು ಒಂಬತ್ತು ಜನ. ನಿಮ್ಮ ನಾಟಕದಲ್ಲಿ ಇಬ್ರು. ಅದೂ ಒಬ್ಬಳು ಅರ್ಧಕ್ಕೇ ಸಾಯ್ತಾಳೆ."

"ಅರ್ಧಕ್ಕಲ್ಲ, ಮುಕ್ಕಾಲಿಗೆ," ಎಂದಳು ಯೋಲಾಂದ್. ಅವಳೊಬ್ಬಳೇ ಮೊದಲೇ ಓದಿಕೊಂಡು ಬಂದಿದ್ದಳು. ಮೂವತ್ತು ವರ್ಷ ಊರಿಗೆ ಅಂಚೆ ಹಂಚಿದ ಹೆಂಗಸು. ಬೇರೆಯವರ ಕಾಗದ ಕೈಗೆ ಬಂದರೆ ತೆರೆಯದಿರಲು ಆಗ ಬಹಳ ಕಷ್ಟಪಟ್ಟಿದ್ದಳು, ಈಗ ಪಡುತ್ತಿರಲಿಲ್ಲ. ಮುದುಕಿಯ ಮಾತು ಅವಳಿಗೆ. ಮುದುಕನದು ದೋಣಿ ದಾಟಿಸುವ ನದಿಯ ತೂಬು ಕಾಯುವ ಎಡ್ಮೊಂಗೆ. ಕಂಸದೊಳಗೆ ಇರುವುದೆಲ್ಲ ಸಿಡೊನಿಗೆ.

ಓದು ಶುರುವಾಯಿತು.

"ಅಡಿಗೆಮನೆ," ಎಂದು ಸಿಡೊನಿ ಓದಿದಳು. "ಒಂದು ಹಾಸಿಗೆ. ಒಂದು ಒಲೆ. ಮುದುಕ ಸೂಪು ತರುತ್ತಾನೆ."

"ಸೂಪು ಹೇಗಿದೆ?" ಎಂದ ಎಡ್ಮೊಂ. ತೂಬಿನ ಮೇಲೆ ನಿಂತು ದೋಣಿಯವರನ್ನು ಕರೆದು ಅಭ್ಯಾಸವಾದ ಗಂಟಲು.

"ಬಿಸಿ ಇದೆ," ಎಂದಳು ಯೋಲಾಂದ್.

"ರುಚಿ?"

"ಬಿಸಿ ಇದೆ ಅಂದ್ನಲ್ಲ."

ಬೆಂಚಿನ ಮೇಲೆ ಐವರೂ ಒಟ್ಟಿಗೆ ನಕ್ಕರು.

ಒಡಿಲಾನ್ ತಲೆ ಎತ್ತಿದ. ಅದು ನಗುವ ಜಾಗವಾಗಿರಲಿಲ್ಲ. ಅದು ಎರಡು ಜೀವಗಳ ನಡುವಿನ ಕಂದಕ. ಹಸ್ತಪ್ರತಿಯಲ್ಲಿ ಅಲ್ಲಿ ಅವನು ಬಹಳ ಯೋಚಿಸಿ ಎರಡು ಪದ ಬರೆದಿದ್ದ.

"ದೀರ್ಘ ಮೌನ," ಎಂದು ಸಿಡೊನಿ ಸ್ಪಷ್ಟವಾಗಿ ಓದಿ, ಕೂಡಲೇ ಮುಂದುವರಿದಳು: "ಮುದುಕ ಬಟ್ಟಲು ತೆಗೆದಿಡುತ್ತಾನೆ. ಮೌನ."

ನಾಟಕದಲ್ಲಿ ಅರವತ್ತಮೂರು ಮೌನಗಳಿದ್ದವು. ಸಿಡೊನಿ ಒಂದನ್ನೂ ಬಿಡದೆ, ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಓದುತ್ತ ಹೋದಳು. ಕೋಣೆಯಲ್ಲಿ ಒಂದು ಕ್ಷಣವೂ ಮೌನವಿರಲಿಲ್ಲ.

ಸಾಯುವವಳ ಪಾಪ ಕ್ಷಮಿಸಲು ಪಾದ್ರಿ ಬರುವ ದೃಶ್ಯ ಬಂತು. ಪಾದ್ರಿ ಕಾಣುವುದಿಲ್ಲ; ಮುದುಕಿ ಬಾಗಿಲ ಕಡೆ ನೋಡಿ ಮಾತನಾಡುತ್ತಾಳೆ, ಅಷ್ಟೇ. ಯೋಲಾಂದ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡಳು. "ಬಂದಿದ್ದು ಬಂದಿದೀರಿ ಸ್ವಾಮಿ, ಇವರನ್ನೂ ಒಂದು ಸ್ವಲ್ಪ ಕ್ಷಮಿಸಿ ಹೋಗಿ. ಪದೇ ಪದೇ ಬರೋದು ನಿಮಗೂ ಕಷ್ಟ."

ಫಿರ್ಮಾಂ ನಕ್ಕು ನಕ್ಕು ಹಿಟ್ಟಿನ ಮೂಟೆಗೆ ಒರಗಿದ. ಅವನ ಬೆನ್ನು ಬಿಳಿಯಾಯಿತು. ಸಿಡೊನಿಯಂಥ ಸಿಡೊನಿ ಬಾಯಿಗೆ ಕೈ ಅಡ್ಡ ಹಿಡಿದು, ಶಿಲುಬೆಯ ಗುರುತು ಮಾಡಿಕೊಂಡು, ಮತ್ತೆ ನಕ್ಕಳು.

"ಇದು ಅವಳೇ ಕಣ್ರೀ," ಎಂದರು ಬೆಂಚಿನಿಂದ. "ಅಚ್ಚು ಕ್ಲೆಮಾಂಸ್!"

"ಟಿಕೆಟ್ ಕಿಟಕೀಲಿ ಕೂತ ಹಾಗೇ ಇದೆ."

"ನನ್ನ ಮದುವೇಲಿ ನನ್ ಗಂಡನ್ನ ನೋಡಿ ಏನಂದ್ಲು ಗೊತ್ತಾ? ಹೇಳಲ್ಲ ಬಿಡಿ, ಈಗ ಅವನೂ ಇಲ್ಲ."

ಒಡಿಲಾನ್ ಕೂಕನ್ನು ಉಗುಳಿಬಿಡಬೇಕೆಂದುಕೊಂಡ. ಅದು ಅರ್ಧ ಕರಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಯಿ ತುಂಬ ಜೇನು. ಮನುಷ್ಯ ಕೋಪ ಮಾಡಿಕೊಳ್ಳಲು ಬಾಯಿ ಸ್ವಲ್ಪ ಒಣಗಿರಬೇಕಾಗುತ್ತದೆ.

ಇವರಿಗೆ ಏನು ಗೊತ್ತು? ಆ ಮಾತು ಆಡಿದಾಗ ಇವರು ಅಲ್ಲಿರಲಿಲ್ಲ. ಅವನಿದ್ದ. ಪಾದ್ರಿ ತಲೆ ತಗ್ಗಿಸಿದ್ದು ನೋಡಿದ್ದ. ದುಃಖದಿಂದ ತಗ್ಗಿಸಿದರೆಂದು ಬರೆದುಕೊಂಡಿದ್ದ. ಪಾದ್ರಿಯ ಭುಜ ಅಲುಗುತ್ತಿತ್ತು. ಅದನ್ನೂ ಬರೆದುಕೊಂಡಿದ್ದ. ಈಗ ಆ ಭುಜ ಯಾಕೋ ಬೇರೆ ಥರ ಕಂಡಿತು. ಫಿರ್ಮಾಂನ ಭುಜವೂ ಹೀಗೇ ಅಲುಗುತ್ತಿತ್ತು.

"ನಾನು ಹೋದ್ಮೇಲೆ ನೀನು ಕಿಟಕಿ ಪಕ್ಕ ಕೂತು ದುಃಖ ಪಡ್ತೀಯ ಅಂತ ಗೊತ್ತು," ಎಂದು ಓದಿದಳು ಯೋಲಾಂದ್. "ಕಿಟಕಿ ಒರೆಸಿಕೊಂಡು ಕೂತ್ಕೋ."

ನಗು ಮತ್ತೆ ಎದ್ದಿತು, ಈ ಸಲ ಮೆಲ್ಲಗೆ. ಯಾರೋ ಮೂಗು ಒರೆಸಿಕೊಂಡರು.

ಅವಳು ಇದನ್ನು ಹೇಳಿದಾಗ ಅವಳ ಮುಖ ಹೇಗಿತ್ತು? ಒಡಿಲಾನ್ ನೆನಪಿಸಿಕೊಳ್ಳಲು ನೋಡಿದ. ಮಾತು ಅಕ್ಷರ ಬಿಡದೆ ನೆನಪಿತ್ತು. ದಿನ ನೆನಪಿತ್ತು, ಮಂಗಳವಾರ. ಒಲೆಯ ಮೇಲೆ ಹಾಲು ಇತ್ತು. ಮುಖ ಸಿಗಲಿಲ್ಲ. ತುಟಿಯ ಕೊನೆ ಮೇಲಕ್ಕೆ ಹೋಗಿತ್ತೋ, ಕೆಳಕ್ಕೆ ಇಳಿದಿತ್ತೋ? ಅವನಿಗೆ ಗೊತ್ತಿರಲಿಲ್ಲ. ಅವನ ಕಣ್ಣು ನೋಟುಪುಸ್ತಕದ ಮೇಲಿತ್ತು.

ಒಂದು ಚಳಿಗಾಲವಿಡೀ ಅವಳು ಅವನನ್ನು ನಗಿಸಲು ನೋಡುತ್ತಿದ್ದಳೇ? ಅವನು ದಿನಾಂಕ ಹಾಕಿಕೊಂಡು ಬರೆಯುತ್ತಿದ್ದನೇ? ಯೋಚನೆಯನ್ನು ಅವನು ಅಲ್ಲಿಗೇ ನಿಲ್ಲಿಸಿದ. ಸಿಡೊನಿ ಆಗಲೇ ಇನ್ನೊಂದು ಮೌನವನ್ನು ಓದುತ್ತಿದ್ದಳು.

ಮುದುಕಿ ಸತ್ತ ಪುಟಕ್ಕೆ ಬಂದಾಗ ಫಿರ್ಮಾಂ ಕೈ ತಟ್ಟಿದ. "ಸಾಕು, ಸಾಕು. ಮುಂದೆ ಒಂದು ದೃಶ್ಯ ಅಲ್ವಾ, ಅದನ್ನ ನಿಂತು ನೋಡೋಣ. ಮೊದಲು ಕೈ ಎತ್ತಿ."

ಒಂಬತ್ತು ಕೈ ಎದ್ದವು. ಎರಡರಲ್ಲಿ ಹಿಟ್ಟು ಇತ್ತು. ಐವತ್ತು ವರ್ಷಗಳ ಬರವಣಿಗೆಯಲ್ಲಿ ಒಡಿಲಾನನ ನಾಟಕಕ್ಕೆ ಯಾರೂ ಎದುರು ಹೇಳದೆ ಒಪ್ಪಿದ್ದು ಇದೇ ಮೊದಲು.

"ಕೂಕ್ ಮುಗೀತಾ ಮೇಷ್ಟ್ರೇ? ಮಾತಾಡಿ ಈಗ!"

ಅವನು ನುಂಗಿದ. "ಚೆನ್ನಾಗಿ ಓದಿದಿರಿ," ಎಂದ.

"ಮಂಜು ಅಂದ್ಕೊಂಡು ಬಂದ್ವಿ," ಎಂದ ಎಡ್ಮೊಂ. "ನಿಜ ಹೇಳ್ಬೇಕಂದ್ರೆ ಕಾಫಿ ಎರಡು ಸಲ ಕುಡ್ಕೊಂಡೇ ಬಂದೆ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

"ನಾನು... ಅದು ಅವಳದು."

"ಅದು ಗೊತ್ತಾಗತ್ತೆ ಬಿಡಿ," ಎಂದಳು ಯೋಲಾಂದ್.

ಫಿರ್ಮಾಂ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾಟಕದ ಹೆಸರು ಬರೆದ. ಕೆಳಗೆ ಒಂದು ಗೆರೆ ಎಳೆದ. ಅವನ ಅಕ್ಷರ ಈಗಲೂ ಕೆಟ್ಟದಾಗಿಯೇ ಇತ್ತು. "ಮುದ್ರಕ ಸಂಜೆ ಬರ್ತಾನೆ. ಹೆಸರಿನ ಕೆಳಗೆ ಏನಂತ ಹಾಕಿಸ್ಲಿ? ಎರಡು ಅಂಕದ ಹಾಸ್ಯ ನಾಟಕ ಅಂತ್ಲಾ?"

ಎಲ್ಲರೂ ಒಡಿಲಾನನ ಕಡೆ ನೋಡಿದರು. ಪ್ರೀತಿಯಿಂದಲೇ ನೋಡಿದರು. ಇಲ್ಲ ಎಂದರೆ ಇವರು ತಲೆ ತಗ್ಗಿಸುತ್ತಾರೆ, ಕ್ಷಮೆ ಕೇಳುತ್ತಾರೆ, ಚಳಿಗಾಲದಲ್ಲಿ ಗಂಟಲು ತಗ್ಗಿಸಿ ಆಡುತ್ತಾರೆ. ಎರಡನೆಯ ದಿನಕ್ಕೆ ಜನ ಬರುವುದಿಲ್ಲ. ಹೌದು ಎಂದರೆ ಜನ ಬರುತ್ತಾರೆ. ಜನ ಬರುವ ಹಾಗೆ, ಎಂದೇ ಅವಳು ಹೇಳಿದ್ದಳು. ಆದರೆ ಹೌದು ಎಂದರೆ, ಅವಳು ನಗಿಸಲು ನೋಡುತ್ತಿದ್ದ ಆ ಚಳಿಗಾಲದಲ್ಲಿ ಅವನು ಎಲ್ಲಿದ್ದ?

"ಕೊನೇ ದೃಶ್ಯ ನೋಡಿ ಹೇಳ್ತೀನಿ," ಎಂದ.

"ಅದೂ ಸರಿ. ಯೋಲಾಂದ್, ಏಳು, ಮಲ್ಕೋ."

ಹಿಟ್ಟು ನಾದುವ ಉದ್ದನೆಯ ಮೇಜನ್ನು ಹಾಸಿಗೆ ಎಂದುಕೊಳ್ಳಬೇಕಿತ್ತು. ಯೋಲಾಂದ್ ಅದನ್ನು ನೋಡಿದಳು, ಕದಲಲಿಲ್ಲ.

"ನಲವತ್ತು ವರ್ಷ ನಿಂತು ಆಡಿದೀನಿ. ಮಲಗಿಸ್ಬೇಡ ನನ್ನ."

"ಹತ್ತು ನಿಮಿಷ ಕಣೇ. ಸತ್ತಿರೋಳಿಗೆ ಮಾತೂ ಇಲ್ಲ, ಬಾಯಿಪಾಠದ ಕಷ್ಟ ಇಲ್ಲ."

"ಬೇರೆ ಯಾರಾದ್ರೂ ಮಲ್ಕೊಳ್ಲಿ."

ಯಾರೂ ಮುಂದೆ ಬರಲಿಲ್ಲ. ಯೋಲಾಂದ್ ಒಡಿಲಾನನ ಪಕ್ಕಕ್ಕೆ ಸರಿದು, ಅವನಿಗಷ್ಟೇ ಕೇಳುವಂತೆ ಹೇಳಿದಳು: "ಹೊಸ ವರ್ಷದ ದಿನ ನಾನು ಅವಳನ್ನ ನೋಡೋಕೆ ಬಂದಿದ್ನಲ್ಲಪ್ಪ, ಒಡಿಲಾನ್. ಅವಳ ಮಾತು ಆಡ್ತೀನಿ. ಅವಳ ಜಾಗದಲ್ಲಿ ಮಲಗಲ್ಲ."

"ಆ ದಿನ ಅವಳು ನಗ್ತಿದ್ಲಾ?" ಎಂದು ಅವನು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು. "ನೀನು ಅಲ್ಲೇ ಕೂತಿದ್ಯಲ್ಲ," ಎಂದಳು.

ಅಷ್ಟರಲ್ಲಿ ಫಿರ್ಮಾಂ ಬೀರುವಿನಿಂದ ಏನನ್ನೋ ಎಳೆದು ತಂದಿದ್ದ. ಮಂಡಳಿಯವರು ಮಕ್ಕಳಿಗಾಗಿ ಪ್ರತಿ ವಸಂತದಲ್ಲಿ ಆಡುವ ಒನೊರೆಯ ವೇಷ. ಬೂದು ಬಟ್ಟೆಯ ಮೇಲೆ ಬಾತುಕೋಳಿಯ ಗರಿ, ಮರದ ಹಳದಿ ಕೊಕ್ಕು, ಕೆಂಪು ಬೂಟಿನೊಳಗೆ ಹೊಲಿದ ಉದ್ದ ಕಾಲು. ಹೊಟ್ಟೆಯೊಳಗೆ ಖಾಲಿ ಹಿಟ್ಟಿನ ಚೀಲಗಳನ್ನು ತುರುಕುತ್ತ ಬಂದ.

"ಅಯ್ಯೋ, ಅದು ಬೇಡ ಮಾರಾಯ," ಎಂದಳು ಸಿಡೊನಿ.

"ಅಳತೆಗೆ ಅಷ್ಟೇ! ಹೊದಿಕೆ ಕೆಳಗೆ ಯಾರಿಗೆ ಕಾಣತ್ತೆ? ಏನೋ ಒಂದು ಉಬ್ಬಿರ್ಬೇಕು ತಾನೇ?"

ಫಿರ್ಮಾಂ ಒನೊರೆಯನ್ನು ಮೇಜಿನ ಮೇಲೆ ಮಲಗಿಸಿದ. ಬೆಳಗಿನ ಹಿಟ್ಟಿಗೆ ಹೊದಿಸುವ ಬಿಳಿ ಬಟ್ಟೆಯನ್ನು ಕೊಡವಿ ಅದರ ಮೇಲೆ ಹೊದಿಸಿದ. ಒಂದು ಕುರ್ಚಿ ಎಳೆದು ಪಕ್ಕಕ್ಕಿಟ್ಟ. "ಮೇಷ್ಟ್ರೇ, ಬನ್ನಿ. ಎಡ್ಮೊಂಗೆ ಒಂದ್ಸಲ ಮಾಡಿ ತೋರ್ಸಿ. ಆಮೇಲೆ ಅವನು ಮಾಡ್ತಾನೆ."

ಒಡಿಲಾನ್ ಕುರ್ಚಿಯಲ್ಲಿ ಕೂತ. ಕೂತಾಗ ಮಂಡಿ ಮೇಜಿನ ಕಾಲಿಗೆ ತಾಗಿತು. ಎತ್ತರ ಸರಿಯಾಗಿ ಅಷ್ಟೇ ಇತ್ತು.

"ಬೆಳಿಗ್ಗೆ," ಎಂದು ಓದಿದಳು ಸಿಡೊನಿ. "ಮುದುಕ ಅವಳ ಕೈ ಹಿಡಿದುಕೊಳ್ಳುತ್ತಾನೆ."

ಅವನು ಬಟ್ಟೆಯ ಕೆಳಗೆ ಕೈ ಹಾಕಿದ. ಗರಿ ಸಿಕ್ಕಿತು. ಗರಿಯ ಸಾಲಿನ ಕೆಳಗೆ ಹೊಲಿಗೆ, ಸಣ್ಣ ಸಣ್ಣ, ಒತ್ತಾದ ಹೊಲಿಗೆ. ಈ ವೇಷವನ್ನು ಹೊಲಿದವಳು ಕ್ಲೆಮಾಂಸ್. ಅಡಿಗೆಮನೆಯಲ್ಲಿ ಮೂರು ವಾರ ಗರಿ ಹಾರಾಡಿತ್ತು. ಅವನು ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು, ಈಗ ವಿಷಯ ಎತ್ತದ ಆ ಮೂರನೆಯ ನಾಟಕ ಬರೆಯುತ್ತಿದ್ದ. ಬೆರಳು ಹೊಲಿಗೆಯ ಮೇಲೆ ಹೋಯಿತು. ಎಲ್ಲಿಯೂ ಒಂದು ಎಳೆ ಬಿಟ್ಟಿರಲಿಲ್ಲ.

ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಸಿಡೊನಿ ಕೂಡ ಹಾಳೆ ಕೆಳಗಿಳಿಸಿದ್ದಳು.

"ಹೊದಿಕೆಯನ್ನು ಅವಳ ಗಲ್ಲದವರೆಗೆ ಎಳೆಯುತ್ತಾನೆ," ಎಂದು ಕೊನೆಗೆ ಮೆಲ್ಲಗೆ ಓದಿದಳು.

ಅವನು ಎಳೆದ. ಬಟ್ಟೆ ಹಿಟ್ಟಿಗೆ ಮಾಡಿದ್ದು, ಮನುಷ್ಯರಿಗಲ್ಲ. ತಲೆಯ ಕಡೆ ಎಳೆದ ಕೂಡಲೇ ಆ ತುದಿಯಲ್ಲಿ ಎರಡು ಕೆಂಪು ಬೂಟು ಹೊರಬಂದವು.

ಯಾರೋ ಕಿಸಕ್ಕೆಂದರು. ಅವನು ಎದ್ದು ಬೂಟಿನ ಮೇಲೆ ಬಟ್ಟೆ ಎಳೆದ. ಈ ಕಡೆ ಹಳದಿ ಕೊಕ್ಕು ಮೇಲೆದ್ದಿತು.

ಈಗ ಯಾರಿಗೂ ತಡೆಯಲಾಗಲಿಲ್ಲ. ಎಡ್ಮೊಂ ಗೋಡೆಗೆ ತಲೆ ಆನಿಸಿ ನಕ್ಕ. ಸಿಡೊನಿ ಕನ್ನಡಕ ತೆಗೆದಳು. ಯೋಲಾಂದ್ ಕೂಡ, ತುಟಿ ಕಚ್ಚಿ ಹಿಡಿದು, ಸೋತಳು. "ಇದನ್ನ ಹೀಗೇ ಇಟ್ಕೊಳ್ಳೋಣ ಮೇಷ್ಟ್ರೇ!" ಎಂದ ಫಿರ್ಮಾಂ, ಉಸಿರು ಕಟ್ಟಿ. "ಅಪ್ಪಣೆ ಕೊಡಿ, ಹೀಗೇ ಇರ್ಲಿ! ಅವಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು!"

ಒಡಿಲಾನ್ ಕೊಕ್ಕನ್ನು ಮತ್ತೆ ಬಟ್ಟೆಯೊಳಗೆ ಸೇರಿಸಿದ. ಫಿರ್ಮಾಂಗೆ ಒಲೆಯಲ್ಲಿಟ್ಟ ಪ್ಲಮ್ ಹಣ್ಣಿನ ಟಾರ್ಟು ನೆನಪಾಯಿತು. ಅವನು ಓಡಿದ. ಉಳಿದವರೂ ಕಣ್ಣು ಒರೆಸಿಕೊಳ್ಳುತ್ತ, ಒಬ್ಬರ ಬೆನ್ನಿನ ಹಿಟ್ಟನ್ನು ಒಬ್ಬರು ಕೊಡವುತ್ತ, ಮುಂದಿನ ಅಂಗಡಿಗೆ ಹೋದರು. ತಟ್ಟೆಗಳ ಸದ್ದು ಕೇಳಿಸಿತು. "ಬನ್ನಿ ಮೇಷ್ಟ್ರೇ, ಆರೋಗತ್ತೆ," ಎಂದು ಅಲ್ಲಿಂದ ಕೂಗಿದರು.

"ಬಂದೆ," ಎಂದ ಅವನು.

ಮೇಜಿನ ಮಧ್ಯದಲ್ಲಿ ನಿಂತು ಬಟ್ಟೆಯ ಎರಡೂ ಅಂಚು ಹಿಡಿದ. ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ, ತಲೆಯ ಕಡೆಗೆ ಎಳೆದ. ಕಾಲು ಹೊರಬಂತು. ಕಾಲಿನ ಕಡೆಗೆ ಎಳೆದ. ಕೊಕ್ಕು ಎದ್ದಿತು. ಅವನು ಬಟ್ಟೆಯನ್ನು ತೆಗೆದು, ಓರೆಯಾಗಿ ತಿರುಗಿಸಿ, ಮತ್ತೆ ಹೊದಿಸಿದ. ಈಗ ಒಂದು ರೆಕ್ಕೆ ಮೇಜಿನ ಅಂಚಿನಿಂದ ಇಳಿಬಿದ್ದಿತು.

ಅವನು ಅದನ್ನು ಎತ್ತಿ ಒಳಗೆ ಸೇರಿಸಿದ. ಮತ್ತೆ ತಲೆಯ ಕಡೆಯಿಂದ ಶುರುಮಾಡಿದ.